ಮೈಗೆ ಹಿತವಾದ ಬಟ್ಟೆ ಆರಿಸಲು ಎಐ ಬಳಸುವುದು ಹೇಗೆ: ಟೈಲರ್ ಅಂಗಡಿಯಿಂದ ಒಂದು ಮಾರ್ಗದರ್ಶಿ

ಏಪ್ರಿಲ್ ತಿಂಗಳ ಒಂದು ಸಂಜೆ ಒಬ್ಬ ಹುಡುಗಿ ನಮ್ಮ ಅಂಗಡಿಗೆ ಮೂರು ಹೊಸ ಕುರ್ತಾ ತಂದಳು. ತುಮಕೂರು ಹತ್ತಿರದ ವಸಂತನರಸಾಪುರದ ಕಡೆ ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಆರಕ್ಕೆ ಕಂಪನಿ ಬಸ್ಸು. "ಅಕ್ಕಾ, ಕಂಕುಳ ಹತ್ತಿರ ಬಿಚ್ಚಿ ಸ್ವಲ್ಪ ಲೂಸ್ ಮಾಡಿಕೊಡಿ. ಹಾಕ್ಕೊಂಡ್ರೆ ಮೈಯೆಲ್ಲಾ ಉರಿಯುತ್ತೆ" ಅಂದಳು. ಬಟ್ಟೆ ಮುಟ್ಟಿದ ಕೂಡಲೇ ಲೂಸ್ ಮಾಡಿದರೂ ಉರಿ ಹೋಗುವುದಿಲ್ಲ ಅಂತ ಗೊತ್ತಾಯಿತು. ಒಳಗಿನ ಲೇಬಲ್ ನೋಡಿದೆ. ಮೂರೂ ನೂರಕ್ಕೆ ನೂರು ಪಾಲಿಯೆಸ್ಟರ್.

ಯಾಕಮ್ಮಾ ಇದನ್ನ ತಗೊಂಡೆ ಅಂತ ಕೇಳಿದೆ. ಫೋನಿನಲ್ಲಿ ಎಐ ಹತ್ತಿರ ಕೇಳಿದ್ದಳಂತೆ. "ಬೇಸಿಗೆಗೆ ಹಿತವಾದ ಕುರ್ತಾ ಯಾವುದು?" ಇಷ್ಟೇ ಪ್ರಶ್ನೆ. ತೆಳುವಾದ, ಹಗುರವಾದ ಬಟ್ಟೆ ತಗೊಳ್ಳಿ ಅಂತ ಅದು ನಾಲ್ಕೈದು ಹೆಸರು ಕೊಟ್ಟಿತ್ತು. ಅದರಲ್ಲಿ ಜಾರ್ಜೆಟ್ ಕೂಡ ಇತ್ತು. ಬಣ್ಣ ಚೆನ್ನಾಗಿದೆ ಅಂತ ಇವಳು ಅದನ್ನೇ ತರಿಸಿದ್ದಳು.

ಅವಳನ್ನು ಕೂರಿಸಿಕೊಂಡು, ಅದೇ ಫೋನಿನಲ್ಲಿ ಅದೇ ಎಐಗೆ ಬೇರೆ ಥರ ಕೇಳಿಸಿದೆ. ಈ ಸಲ ಬಂದ ಉತ್ತರ ನಾನೇ ಹೇಳುವಂಥದ್ದಾಗಿತ್ತು. ಆಮೇಲೆ ನಾನೂ ಇದನ್ನು ಬಳಸಲು ಶುರು ಮಾಡಿದೆ. ಅಂಗಡಿಗೆ ಬರುವವರಿಗೂ ಹೇಳಿಕೊಡುತ್ತಿದ್ದೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಎಐಗೆ ಚರ್ಮ ಇಲ್ಲ. ಬಟ್ಟೆಯ ಬಗ್ಗೆ ಜನ ಬರೆದಿಟ್ಟದ್ದನ್ನೆಲ್ಲ ಓದಿ ಅದು ಮಾತು ಕಲಿತಿದೆ. ನಿಮ್ಮ ಬೆನ್ನು ಎಲ್ಲಿ ಬೆವರುತ್ತದೆ, ಯಾವ ಹೊಲಿಗೆ ಚುಚ್ಚುತ್ತದೆ ಅನ್ನುವುದನ್ನು ನೀವೇ ಮಾತಿನಲ್ಲಿ ಹೇಳಬೇಕು. ಹೇಳಿದಷ್ಟು ಒಳ್ಳೆಯ ಉತ್ತರ ಬರುತ್ತದೆ.

ಮೊದಲು ಬೀರು ತೆಗೆಯಿರಿ, ಫೋನ್ ಆಮೇಲೆ

ನಿಮ್ಮ ಹತ್ತಿರ ಹಳೆಯದೊಂದು ಬಟ್ಟೆ ಇದ್ದೇ ಇರುತ್ತದೆ. ಒಗೆದು ಒಣಗಿದ ಕೂಡಲೇ ಮತ್ತೆ ಅದನ್ನೇ ಹಾಕಿಕೊಳ್ಳುತ್ತೀರಿ. ಬಣ್ಣ ಹೋಗಿರುತ್ತದೆ, ಆದರೂ ಬಿಸಾಡಲು ಮನಸ್ಸು ಬರುವುದಿಲ್ಲ. ಅದನ್ನು ತೆಗೆದಿಡಿ. ಅದರ ಪಕ್ಕದಲ್ಲಿ, ದುಡ್ಡು ಕೊಟ್ಟು ತಂದು ಎರಡೇ ಸಲ ಹಾಕಿದ ಇನ್ನೊಂದನ್ನೂ ಇಡಿ. ಎರಡರ ಲೇಬಲ್ ಓದಿ. ಎರಡನ್ನೂ ಅಳೆಯಿರಿ.

ಅಳೆಯುವುದು ಸುಲಭ. ಕುರ್ತಾವನ್ನು ಸುಕ್ಕಿಲ್ಲದಂತೆ ನೆಲದ ಮೇಲೆ ಹಾಸಿ. ಕಂಕುಳ ಹೊಲಿಗೆಯಿಂದ ಒಂದು ಇಂಚು ಕೆಳಗೆ ಈ ಅಂಚಿನಿಂದ ಆ ಅಂಚಿಗೆ ಟೇಪು ಇಡಿ. ಬಂದದ್ದನ್ನು ಎರಡರಿಂದ ಗುಣಿಸಿದರೆ ಬಟ್ಟೆಯ ಎದೆ ಸುತ್ತಳತೆ. ಹಾಗೆಯೇ ಸೊಂಟ, ಸೀಟು (ಹಿಂಭಾಗ), ತೋಳಿನ ಸುತ್ತ, ಉದ್ದ ಎಲ್ಲ ಬರೆದುಕೊಳ್ಳಿ. ಭುಜವನ್ನು ಈ ಹೊಲಿಗೆಯಿಂದ ಆ ಹೊಲಿಗೆಗೆ ಹಾಗೇ ಅಳೆಯಿರಿ. ಭುಜ, ಉದ್ದ ಎರಡನ್ನೂ ಗುಣಿಸಬೇಡಿ. ಆಮೇಲೆ ನಿಮ್ಮ ಮೈ ಅಳತೆ. ಮೈ ಎದೆ 36 ಇಂಚು, ಆ ಹಳೇ ಕುರ್ತಾದ ಎದೆ 40 ಇಂಚು ಅಂದರೆ ನಿಮಗೆ ಹಿತವಾಗುವ ಲೂಸ್ 4 ಇಂಚು. ಕೆಲವರಿಗೆ 3 ಸಾಕು. ಕೆಲವರಿಗೆ 6 ಬೇಕು. ಈ ಒಂದು ಸಂಖ್ಯೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಟೀಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಹಾಗಾಗಿ ಅದಕ್ಕೆ ಇಷ್ಟು ಲೂಸ್ ಬೇಡ.

ಕೈ ಸೇರುವ ಸುತ್ತನ್ನೂ ಅಳೆಯಿರಿ. ನಾವು ಅದಕ್ಕೆ ಆರ್ಮ್‌ಹೋಲ್ ಅನ್ನುತ್ತೇವೆ. ಅದು ದೊಡ್ಡದಿದ್ದಷ್ಟೂ ಆರಾಮ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಆರ್ಮ್‌ಹೋಲ್ ತೀರಾ ಕೆಳಗಿಳಿದಿದ್ದರೆ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದಾಗ ಇಡೀ ಕುರ್ತಾ ಮೇಲಕ್ಕೆ ಎಳೆಯುತ್ತದೆ. ಕಂಕುಳಿಗೆ ತಕ್ಕಮಟ್ಟಿಗೆ ಹತ್ತಿರ ಇದ್ದು, ತೋಳಿನಲ್ಲಿ ಜಾಗ ಇದ್ದರೆ ಕೈ ಸಲೀಸಾಗಿ ಆಡುತ್ತದೆ. ಆನ್‌ಲೈನ್ ಅಳತೆ ಪಟ್ಟಿಗಳಲ್ಲಿ ಈ ಅಳತೆ ಸಾಮಾನ್ಯವಾಗಿ ಇರುವುದೇ ಇಲ್ಲ. ಎಐ ಕೂಡ ತಾನಾಗಿ ಕೇಳುವುದಿಲ್ಲ. ನೀವೇ ಹೇಳಬೇಕು.

ಪ್ರಶ್ನೆ ಬರೆಯುವುದು

ಚಾಟ್‌ಜಿಪಿಟಿ, ಜೆಮಿನಿ, ವಾಟ್ಸ್‌ಆ್ಯಪ್ ಒಳಗಿರುವ ಮೆಟಾ ಎಐ, ಯಾವುದಾದರೂ ಸರಿ. ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಟೈಪ್ ಮಾಡಲು ಬೇಜಾರಾದರೆ ಮೈಕ್ ಒತ್ತಿ ಮಾತಾಡಿ. ಕನ್ನಡದಲ್ಲಿ ಕೇಳಿದರೆ ಕೆಲವು ಸಲ ಯಾರೂ ಆಡದ ಪುಸ್ತಕದ ಪದಗಳು ಬರುತ್ತವೆ. ಆಗ "ಬಟ್ಟೆ ಅಂಗಡಿಯಲ್ಲಿ ಕೇಳುವ ಹೆಸರಲ್ಲೇ ಹೇಳು" ಅನ್ನಿ. ಸರಿ ಮಾಡಿಕೊಳ್ಳುತ್ತದೆ.

ಆ ಹುಡುಗಿಯ ಕೈಯಲ್ಲಿ ನಾನು ಬರೆಸಿದ್ದು ಹೀಗಿತ್ತು:

"ನಾನು ತುಮಕೂರಿನಲ್ಲಿದ್ದೇನೆ. ಈಗ ಏಪ್ರಿಲ್. ಬೆಳಗ್ಗೆ 6ಕ್ಕೆ ಬಸ್ಸು, ಸಂಜೆ 4ರವರೆಗೆ ನಿಂತು ಕೆಲಸ. ಕುರ್ತಾ ಮೇಲೆ ಕಂಪನಿ ಕೋಟು ಹಾಕಬೇಕು. ಕಂಕುಳು, ಬೆನ್ನು ಜಾಸ್ತಿ ಬೆವರುತ್ತದೆ. ಕತ್ತಿನ ಹಿಂದೆ ಲೇಬಲ್ ತಾಗಿದರೆ ತುರಿಕೆ. ಕೈಯಲ್ಲೇ ಒಗೆದು ಹಿಂಡುತ್ತೇನೆ. ಇಸ್ತ್ರಿ ಮಾಡಲು ಟೈಮ್ ಇಲ್ಲ. ಒಂದಕ್ಕೆ 700 ರೂಪಾಯಿ ಮೀರಬಾರದು. ನನಗೆ ಹಿತವಾಗಿರುವ ಹಳೇ ಕುರ್ತಾ ಹತ್ತಿಯದು. ಅದರ ಎದೆ 40 ಇಂಚು, ನನ್ನ ಎದೆ 36. ಪಾಲಿಯೆಸ್ಟರ್ ಕುರ್ತಾ ಹಾಕಿದಾಗ ಉರಿ ಬಂತು. ಉತ್ತರ ಕೊಡುವ ಮೊದಲು ನನ್ನನ್ನು ಐದು ಪ್ರಶ್ನೆ ಕೇಳು."

ಕೊನೆಯ ವಾಕ್ಯವನ್ನು ಬಿಡಬೇಡಿ. ಅದನ್ನು ಬರೆಯದಿದ್ದರೆ ಎಐ ತನಗೆ ಗೊತ್ತಿಲ್ಲದ್ದನ್ನೆಲ್ಲ ಊಹೆ ಮಾಡಿಕೊಂಡು ಉತ್ತರ ಕೊಟ್ಟುಬಿಡುತ್ತದೆ. ಬರೆದಾಗ ಒಳ್ಳೆಯ ಪ್ರಶ್ನೆ ಕೇಳಿತು. ಕೋಟಿಗೆ ತುಂಬು ತೋಳು ಇದೆಯಾ? ಕೋಟಿನ ಬಟ್ಟೆ ಯಾವುದು? ಕೆಲಸದ ಜಾಗದಲ್ಲಿ ಫ್ಯಾನ್ ಇದೆಯಾ? ಕೋಟಿಗೆ ತುಂಬು ತೋಳು ಇತ್ತು. ಹಾಗಾಗಿ ಒಳಗೆ ಅಗಲ ತೋಳು ಬೇಡ, ಮುದುಡಿಕೊಂಡು ಒತ್ತುತ್ತದೆ, ಮೊಣಕೈಗಿಂತ ಮೇಲೇ ನಿಲ್ಲುವ ತೋಳು ಸಾಕು ಅಂತ ಹೇಳಿತು. ಸರಿಯಾದ ಮಾತು. ಬಟ್ಟೆಯಲ್ಲಿ ತೆಳು ಕಾಟನ್, ಇಲ್ಲಾಂದ್ರೆ ರೇಯಾನ್ ಅಂದಿತು. ನಾನು ಕಾಟನ್ ಅಂದೆ. ರೇಯಾನ್ ಮೆತ್ತಗಿರುತ್ತದೆ, ಬೆವರನ್ನೂ ಹೀರುತ್ತದೆ. ಆದರೆ ಒದ್ದೆಯಾದಾಗ ಅದರ ನೂಲಿನ ಬಲ ಕಡಿಮೆಯಾಗುತ್ತದೆ. ಇವಳ ಥರ ಬಲವಾಗಿ ಹಿಂಡುವವರ ಕೈಯಲ್ಲಿ ಬಾಳಿಕೆ ಬರುವುದಿಲ್ಲ.

ಊರಿನ ಹೆಸರು ಬರೆಯಿರಿ ಅಂದೆ, ಅಲ್ವಾ? ಅಷ್ಟೇ ಸಾಲದು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳ ಹವೆ ಒಂದೇ ಥರ ಇಲ್ಲ. ಪಾವಗಡದ ಒಣ ಬಿಸಿಲನ್ನು ನಂಬಿಕೊಂಡೇ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿ ಹೊಲದಲ್ಲಿ ನಿಲ್ಲುವವರಿಗೆ ತುಂಬು ತೋಳಿನ ಲೂಸ್ ಕಾಟನ್ ಅಂಗಿಯೇ ತಂಪು, ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುವುದಿಲ್ಲ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಅದರ ಆಸುಪಾಸಿನ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಡಿಸೆಂಬರ್ ಬೆಳಗಿನ ಜಾವ ಹೂವು ಬಿಡಿಸಲು ಹೋಗುವವರಿಗೆ ಸ್ವೆಟರ್ ಬೇಕು, ಹತ್ತು ಗಂಟೆಗೆ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಬೇಕು. ಕೋಲಾರದ ಎಪಿಎಂಸಿಗೆ ಟೊಮೆಟೊ ತರುವವರದೂ ಇದೇ ಪಾಡು. ಇಂಥವರು "ಬೆಳಗ್ಗೆ 5ಕ್ಕೆ ಚಳಿ, 11ಕ್ಕೆ ಬಿಸಿಲು, ನಡುವೆ ಬಟ್ಟೆ ಬದಲಿಸಲು ಆಗಲ್ಲ" ಅಂತ ಬರೆದರೆ, ಒಂದರ ಮೇಲೊಂದು ಹಾಕಿ ಕಳಚುವ ತೆಳು ಬಟ್ಟೆಗಳನ್ನು ಎಐ ಸೂಚಿಸುತ್ತದೆ. ಸುಮ್ನೆ "ಕರ್ನಾಟಕ" ಅಂದರೆ ಇದೊಂದೂ ಸಿಗುವುದಿಲ್ಲ.

ಲೇಬಲ್ ಓದಿಸುವುದು, ಹೆಸರಿನ ಮೋಸ ಹಿಡಿಯುವುದು

ಬಟ್ಟೆಯ ಒಳಗಿನ ಲೇಬಲ್ ಫೋಟೋ ತೆಗೆದು ಎಐಗೆ ಕೊಟ್ಟರೆ ಅದು ಓದಿ ಹೇಳುತ್ತದೆ. ಇಂಗ್ಲಿಷ್ ಓದಲು ಬಾರದ ನಮ್ಮ ಅತ್ತೆ ಕೂಡ ಈಗ ಇದನ್ನು ಮಾಡುತ್ತಾರೆ.

ಇಲ್ಲಿ ಒಂದು ಲೆಕ್ಕ ತಿಳಿದಿರಿ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ನೂರಕ್ಕೆ 8ರಷ್ಟು ತೇವವನ್ನು ಒಳಗೆ ಹಿಡಿದುಕೊಳ್ಳುತ್ತದೆ. ರೇಷ್ಮೆ, ರೇಯಾನ್ ಎರಡೂ 11ರ ಆಸುಪಾಸು. ಪಾಲಿಯೆಸ್ಟರ್ ಒಂದಕ್ಕಿಂತ ಕಡಿಮೆ, ಸುಮಾರು 0.4. ಅಂದರೆ ಬೆವರನ್ನು ಅದು ಒಳಗೆ ಸೇರಿಸುವುದೇ ಇಲ್ಲ. ಒತ್ತಾಗಿ ನೇಯ್ದಿದ್ದು, ಮೈಗೆ ಅಂಟಿಕೊಂಡಿದ್ದರೆ ಬೆವರು ಚರ್ಮದ ಮೇಲೇ ನಿಲ್ಲುತ್ತದೆ. ಬೆವರುಸಾಲೆ ಆಗುವವರಿಗೆ ಇದು ನರಕ. ಹಾಗಂತ ಪಾಲಿಯೆಸ್ಟರ್ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಆಟ ಆಡುವವರ ಬಲೆಬಲೆ ಟೀಶರ್ಟ್ ಅದರದ್ದೇ. ಅದು ಬೆವರನ್ನು ಹೊರಗೆ ಹರಡಿ ಬೇಗ ಒಣಗುತ್ತದೆ. ಬೆಳಗ್ಗೆ ಓಡುವವರಿಗೆ ಒದ್ದೆ ಕಾಟನ್‌ಗಿಂತ ಅದೇ ವಾಸಿ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ನಾನು ಹತ್ತಿಯನ್ನೇ ಹೇಳುತ್ತೇನೆ.

ಈಗ ಹೆಸರುಗಳ ವಿಷಯ. ಜಾರ್ಜೆಟ್, ಕ್ರೇಪ್, ಸ್ಯಾಟಿನ್, ಶಿಫಾನ್, ಇವು ನೂಲಿನ ಹೆಸರಲ್ಲ. ನೂಲನ್ನು ಹುರಿ ಮಾಡುವ, ನೇಯುವ ರೀತಿಯಿಂದ ಬಂದ ಹೆಸರು. ರೇಷ್ಮೆಯಲ್ಲೂ ಜಾರ್ಜೆಟ್ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಪಾಲಿಯೆಸ್ಟರ್. ಆ ಹುಡುಗಿ ಮೋಸ ಹೋದದ್ದು ಇಲ್ಲೇ. ಹಾಗಾಗಿ ಎಐ ಯಾವ ಹೆಸರು ಹೇಳಿದರೂ ತಿರುಗಿ ಕೇಳಿ: "ಇದು ನೂಲಿನ ಹೆಸರಾ, ನೇಯ್ಗೆಯ ಹೆಸರಾ? ಯಾವ ನೂಲಿನದ್ದು ತಗೊಳ್ಳಬೇಕು?" "ಕಾಟನ್ ಫೀಲ್", "ಆರ್ಟ್ ಸಿಲ್ಕ್" ಅಂತ ಬರೆದಿದ್ದರೆ ಇನ್ನೂ ಎಚ್ಚರ. ಫೀಲ್ ಇದ್ದ ಮಾತ್ರಕ್ಕೆ ಕಾಟನ್ ಆಗುವುದಿಲ್ಲ. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ. ಬಿದಿರಿನ ಬಟ್ಟೆ ಅಂತ ಬರುವುದೂ ಬಹುತೇಕ ಬಿದಿರಿನ ತಿರುಳಿನಿಂದ ಮಾಡಿದ ರೇಯಾನ್ ಜಾತಿಯದ್ದೇ.

ರೇಷ್ಮೆ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ಇದೆ, ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಫೋಟೋ ನೋಡಿ ಅಸಲಿ ರೇಷ್ಮೆ ಹೌದೋ ಅಲ್ಲವೋ ಅಂತ ಎಐ ಹೇಳಲಾರದು, ಕೇಳಲೂ ಬೇಡಿ. ಸೀರೆಯಲ್ಲಿ ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ್ದು.

ರೇಷ್ಮೆ ಸೀರೆ ಸೆಕೆ ಅನ್ನುವವರಿಗೆ ಒಂದು ಗುಟ್ಟು. ಎಷ್ಟೋ ಸಲ ಸೆಕೆ ಆಗುವುದು ಸೀರೆಯಿಂದಲ್ಲ, ಬ್ಲೌಸಿನ ಲೈನಿಂಗ್‌ನಿಂದ. ಹತ್ತು ಸಾವಿರದ ಸೀರೆಗೆ ಅಗ್ಗದ ಪಾಲಿಯೆಸ್ಟರ್ ಕ್ರೇಪ್ ಲೈನಿಂಗ್ ಹಾಕಿಸಿರುತ್ತಾರೆ. ಮೈಗೆ ತಾಗುವುದು ಅದೇ ತಾನೇ? ಹೊಲಿಸಲು ಕೊಡುವಾಗ "ಕಾಟನ್ ಲೈನಿಂಗ್ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ಲೈನಿಂಗ್ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿರಬೇಕು. ಇಲ್ಲಾಂದ್ರೆ ಮೊದಲ ಒಗೆತಕ್ಕೇ ಒಳಗೆ ಕುಗ್ಗಿ, ಹೊರಗೆ ಬ್ಲೌಸ್ ಸುಕ್ಕಾಗುತ್ತದೆ. ಎಐ ಹತ್ತಿರ ಬಟ್ಟೆ ಕೇಳುವಾಗಲೂ "ಲೈನಿಂಗ್ ಯಾವುದಿರಬೇಕು" ಅಂತ ಸೇರಿಸಿ.

ಸೈಜ್ ಲೆಕ್ಕ ಕೈಯಲ್ಲೂ ಮಾಡಿ

ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ. ನಮ್ಮ ದೇಶದವರ ಮೈಕಟ್ಟಿಗೆ ತಕ್ಕ ಸ್ವಂತ ಅಳತೆ ಪಟ್ಟಿಯೇ ಇರಲಿಲ್ಲ. ಅದಕ್ಕಾಗಿಯೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರ ಅಳತೆ ತೆಗೆಯುವ ಸಮೀಕ್ಷೆ ಕೈಗೊಂಡಿತು. ಸದ್ಯಕ್ಕೆ ನೀವು ಅಕ್ಷರ ನಂಬಬೇಡಿ, ಇಂಚು ನಂಬಿ.

ಅಳತೆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ನಿಮ್ಮ ಹಳೇ ಕುರ್ತಾದ ಅಳತೆ ಜೊತೆ ಎಐಗೆ ಕೊಡಿ. "ಈ ಪಟ್ಟಿ ಮೈ ಅಳತೆಯದ್ದಾ, ಬಟ್ಟೆ ಅಳತೆಯದ್ದಾ ಮೊದಲು ಹೇಳು" ಅನ್ನಿ. ಬಟ್ಟೆ ಅಳತೆಯನ್ನು ಮೈ ಅಳತೆ ಅಂದುಕೊಂಡರೆ ಆ 4 ಇಂಚಿನ ಲೂಸ್ ಹೋಗಿ ಬಟ್ಟೆ ಹಾಕಲೇ ಆಗುವುದಿಲ್ಲ. ಪಟ್ಟಿ ನೋಡಿ ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ ಅಂತ ಹೇಳಲಿ. ಎಐ ಇಲ್ಲಿ ತಪ್ಪು ಮಾಡುವುದನ್ನು ನಾನೇ ಕಂಡಿದ್ದೇನೆ. ಹಾಸಿ ಅಳೆದ 20 ಇಂಚನ್ನು ಪೂರ್ತಿ ಸುತ್ತಳತೆ ಅಂದುಕೊಂಡು ಮಗುವಿನ ಸೈಜ್ ಹೇಳಿತು. ಸೆಂಟಿಮೀಟರ್ ಪಟ್ಟಿಯನ್ನು ಇಂಚು ಅಂತ ಓದಿದ್ದೂ ಇದೆ. ಒಂದು ಇಂಚಿಗೆ 2.54 ಸೆಂಟಿಮೀಟರ್. 40 ಇಂಚು ಅಂದರೆ 101.6. ಒಂದು ನಿಮಿಷದ ಲೆಕ್ಕ, ನೀವೇ ಮಾಡಿ.

ನಿಮ್ಮ ಫೋಟೋಗೆ ಬಟ್ಟೆ ತೊಡಿಸಿ ತೋರಿಸುವ ಆ್ಯಪ್‌ಗಳೂ ಬಂದಿವೆ. ಬಣ್ಣ ಒಪ್ಪುತ್ತದಾ ನೋಡಲು ಪರವಾಗಿಲ್ಲ. ಹಿತವಾಗಿದೆಯಾ ಅಂತ ಚಿತ್ರದಲ್ಲಿ ತಿಳಿಯುವುದಿಲ್ಲ. ಮೈ ಕಾಣುವ ಫೋಟೋಗಳನ್ನು ಎಲ್ಲಿಗೂ ಹಾಕಬೇಡಿ. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಟ್ಟೆ ಆರಿಸಲು ಮೇಲೆ ಹೇಳಿದ ಅಳತೆಗಳು ಸಾಕು.

ವಯಸ್ಸಾದವರಿಗೆ

ನನಗೆ ಎಐ ಹೆಚ್ಚು ನೆರವಾಗಿದ್ದು ನಮ್ಮ ಅತ್ತೆಯ ಬಟ್ಟೆಗೆ. ಅವರ ಬಲ ಭುಜ ಹಿಡಿದುಕೊಂಡಿತ್ತು. ಕೈ ಮೇಲಕ್ಕೆ ಏಳುತ್ತಿರಲಿಲ್ಲ. ತಲೆ ಮೇಲಿಂದ ನೈಟಿ ಹಾಕುವಾಗ ದಿನಾ ಕಣ್ಣೀರು. ಬೇರೆಯವರ ಹತ್ತಿರ ಹಾಕಿಸಿಕೊಳ್ಳಲು ಅವರಿಗೆ ನಾಚಿಕೆ. ನಾನು ಇಷ್ಟು ವರ್ಷ ಹೊಲಿದರೂ ನನಗೆ ಹೊಳೆದದ್ದು ಕುತ್ತಿಗೆ ದೊಡ್ಡದು ಮಾಡುವುದು ಮಾತ್ರ.

ಎಐಗೆ ಹೀಗೆ ಬರೆದೆ: "72 ವರ್ಷ. ಬಲಗೈ ಭುಜದ ಮಟ್ಟಕ್ಕೆ ಏಳಲ್ಲ, ಹಿಂದಕ್ಕೂ ಹೋಗಲ್ಲ. ಬೆರಳಿನಲ್ಲಿ ಸಣ್ಣ ಗುಂಡಿ ಹಾಕಲು ಆಗಲ್ಲ. ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ತಾವಾಗಿಯೇ ಹಾಕಿಕೊಳ್ಳುವಂಥ ನೈಟಿ ಬೇಕು." ಬಂದ ಉತ್ತರದಲ್ಲಿ ಮೂರು ವಿಷಯ ಚೆನ್ನಾಗಿದ್ದವು. ಮುಂದೆ ಪೂರ್ತಿ ತೆರೆಯುವ ನೈಟಿ. ಭುಜದಲ್ಲಿ ಹೊಲಿಗೆ ಇಲ್ಲದೆ ಕುತ್ತಿಗೆಯಿಂದಲೇ ಓರೆಯಾಗಿ ಇಳಿಯುವ ತೋಳು. ನೋವಿರುವ ಕೈಯನ್ನು ಮೊದಲು ಹಾಕಿ, ತೆಗೆಯುವಾಗ ಕೊನೆಗೆ ತೆಗೆಯುವುದು. ಕೊನೆಯದಕ್ಕೆ ಹೊಸ ಬಟ್ಟೆಯೇ ಬೇಡ, ಇವತ್ತೇ ಮಾಡಬಹುದು.

ಗುಂಡಿ ಬದಲು ವೆಲ್ಕ್ರೋ ಹಾಕಿ ಅಂತಲೂ ಹೇಳಿತ್ತು. ನಾನು ಹಾಕಲಿಲ್ಲ. ವೆಲ್ಕ್ರೋಗೆ ನೂಲಿನ ಚೂರು, ಕೂದಲು ಎಲ್ಲ ಅಂಟಿಕೊಂಡು ಕೊನೆಗೆ ಹಿಡಿಯುವುದೇ ಇಲ್ಲ. ಒಗೆಯುವಾಗ ಬೇರೆ ಬಟ್ಟೆಯನ್ನೂ ಎಳೆಯುತ್ತದೆ. ದೊಡ್ಡ ಟಿಚ್ ಬಟನ್ ಹಾಕಿದೆ. ಉದ್ದವನ್ನು ಹಿಮ್ಮಡಿಗಿಂತ ಮೂರು ಇಂಚು ಮೇಲಕ್ಕೆ ನಿಲ್ಲಿಸಿದೆ, ಬಚ್ಚಲಿನಲ್ಲಿ ಕಾಲಿಗೆ ಸಿಕ್ಕಬಾರದು ಅಂತ. ಬಟ್ಟೆ ಹಳೇ ಕಾಟನ್ ಸೀರೆಯದ್ದೇ, ಒಗೆದೊಗೆದು ಮೆತ್ತಗಾದದ್ದು. ಮೊದಲ ದಿನ ಅತ್ತೆ ಬಾಗಿಲು ಹಾಕಿಕೊಂಡು ತಾವೇ ಹಾಕಿಕೊಂಡು ಬಂದರು. ಆವತ್ತು ನನಗಾದ ಖುಷಿ ಇನ್ಯಾವ ಹೊಲಿಗೆಯಲ್ಲೂ ಆಗಿಲ್ಲ.

ಸಕ್ಕರೆ ಕಾಯಿಲೆ, ಕಾಲು ಊತ, ಗಾಯ ಇರುವವರ ಕಾಲುಚೀಲ, ಬಿಗಿ ಬಟ್ಟೆ ಇವೆಲ್ಲ ಡಾಕ್ಟರ್ ಹತ್ತಿರ ಕೇಳುವ ವಿಷಯ. ಅದನ್ನು ಎಐ ಮಾತಿಗೆ ಬಿಡಬೇಡಿ.

ಮಕ್ಕಳಿಗಾದರೆ ಮಗು ಹೇಳುವ ಮಾತನ್ನೇ ಬರೆಯಿರಿ. "ಸ್ಕೂಲ್ ಅಂಗಿ ಕತ್ತಲ್ಲಿ ಕಚ್ಚುತ್ತೆ" ಅಂದರೆ ಹಟ ಅಂದುಕೊಳ್ಳಬೇಡಿ. ಲೇಬಲ್ ಬಿಚ್ಚಿ, ಒಳಗಿನ ಹೊಲಿಗೆಯ ಮೇಲೆ ತೆಳು ಕಾಟನ್ ಪಟ್ಟಿ ಹೊಲಿಸಿದರೆ ಮುಗಿಯಿತು.

ಅಂಗಡಿಯಲ್ಲಿ ನಿಮ್ಮ ಕೈಯೇ ನಂಬಿಕೆ

ಎಐ ಕೊಟ್ಟ ಹೆಸರು ಬರೆದುಕೊಂಡು ತುಮಕೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಿಗೆ ಹೋಗಿ ಬಟ್ಟೆ ಮುಟ್ಟಿ ನೋಡಿ. ಎಐ ಹೇಳುವ ಬೆಲೆ, ಇಂಥ ಕಡೆ ಸಿಗುತ್ತದೆ ಅನ್ನುವ ಮಾತು ಎಷ್ಟೋ ಸಲ ಸುಳ್ಳಾಗಿರುತ್ತದೆ. ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡ್ ಹಿಡಿದು ಬಿಡಿ. ಸುಕ್ಕೇ ಬೀಳದಿದ್ದರೆ ಪಾಲಿಯೆಸ್ಟರ್ ಜಾಸ್ತಿ ಇದೆ ಅಂತ ಅನುಮಾನಿಸಿ. ಬೆಳಕಿಗೆ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ನೋಡಿ. ಒಳಭಾಗವನ್ನು ಕತ್ತಿಗೆ, ಮೊಣಕೈ ಒಳಗಡೆಗೆ ಉಜ್ಜಿ ನೋಡಿ. ಅಂಗೈಗಿಂತ ಅಲ್ಲಿಯ ಚರ್ಮ ಚುರುಕು. ಒಂದು ಹನಿ ನೀರು ಹಾಕಿ ನೋಡುವುದು ಒಗೆದ ಬಟ್ಟೆಗೆ ಸರಿ. ಹೊಸ ಕಾಟನ್‌ಗೆ ಗಂಜಿ ಇರುತ್ತದೆ, ಹನಿ ಮೇಲೇ ನಿಂತರೆ ಗಾಬರಿ ಬೇಡ.

ಅನುಮಾನ ಉಳಿದರೆ ಅಂಚಿನ ಒಂದೆರಡು ನೂಲು ಎಳೆದು ಮನೆಯಲ್ಲಿ ಸುಟ್ಟು ನೋಡಬಹುದು. ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಮಕ್ಕಳನ್ನು ದೂರ ಕಳಿಸಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ.

ತಂದ ಮೇಲೆ ಟ್ಯಾಗ್ ಕೀಳದೆ ಮನೆಯಲ್ಲಿ ಒಂದು ಗಂಟೆ ಹಾಕಿಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರಿ. ಎರಡೂ ಕೈ ಮೇಲೆತ್ತಿ. ಸ್ಕೂಟರ್ ಮೇಲೆ ಕೂತು ಹ್ಯಾಂಡಲ್ ಹಿಡಿದು ನೋಡಿ. ಎಲ್ಲಿ ಎಳೆಯಿತು ಅಂತ ಎಐಗೆ ಹೇಳಿ, ಹೊಲಿಗೆಯಲ್ಲಿ ಸರಿಯಾಗುತ್ತದಾ, ವಾಪಸ್ ಕೊಡುವುದೇ ವಾಸಿಯಾ ಅಂತ ಕೇಳಿ. ಬಿಗಿ ಇದ್ದು ಒಳಗೆ ಮಾರ್ಜಿನ್ ಬಟ್ಟೆ ಇದ್ದರೆ ಬಿಡಿಸಬಹುದು. ಆನ್‌ಲೈನ್ ಬಟ್ಟೆಗಳಲ್ಲಿ ಅದು ಎಷ್ಟೋ ಸಲ ಅರ್ಧ ಇಂಚೂ ಇರುವುದಿಲ್ಲ. ಒಳಗೆ ತಿರುಗಿಸಿ ನೋಡಿಕೊಳ್ಳಿ.

ಹಿತವಾದದ್ದು, ಆಗದ್ದು ಎರಡನ್ನೂ ನಾಲ್ಕು ಸಾಲಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡಿಡಿ. ಹಳೆಯ ಮಾತನ್ನೆಲ್ಲ ಎಐ ನೆನಪಿಟ್ಟಿರುತ್ತದೆ ಅಂತ ಹೇಳಲು ಬರುವುದಿಲ್ಲ. ಮುಂದಿನ ಸಲ ಕೇಳುವಾಗ ಅದನ್ನೇ ಮೊದಲು ಅಂಟಿಸಿ.

ಆ ಹುಡುಗಿ ಮೂರು ಕುರ್ತಾವನ್ನೂ ವಾಪಸ್ ಮಾಡಿದಳು. ಎರಡೂವರೆ ಮೀಟರ್ ತೆಳು ಕಾಟನ್ ತಂದು, ರಾತ್ರಿ ನೆನೆಸಿ ಒಣಗಿಸಿ, ಹೊಲಿಯಲು ಕೊಟ್ಟಳು. ನೀವೂ ಹೊಲಿಸಲು ಹೋಗುವಾಗ ಫೋನಿನಲ್ಲಿರುವ ಚಿತ್ರದ ಜೊತೆ ಆ ಹಳೇ ಕುರ್ತಾವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಟೈಲರ್ ಆದರೂ ಮೊದಲು ಕೇಳುವುದು ಅದನ್ನೇ.